ಹುಲಿಗೆಮ್ಮ ಕೊಯ್ದು ತೋರಿಸಿದ ಕುಮ್‌ಕ್ವಾಟ್

ಕಳೆದ ತಿಂಗಳು ಒಂದು ಭಾನುವಾರ ಬೆಳಗ್ಗೆ ನಮ್ಮ ಓಣಿಗೆ ಗಿಡ ಮಾರುವವನ ಟೆಂಪೋ ಬಂತು. ಈಚೆಗೆ ಹೊಸಪೇಟೆಯಲ್ಲಿ ಕಾಯಿಪಲ್ಲೆ ಗಾಡಿಯಷ್ಟೇ ಗಿಡದ ಗಾಡಿಯೂ ಕೂಗುತ್ತದೆ. ಅದಿರಿನ ಲಾರಿಗಳ ಧೂಳು ಕುಡಿದು ಬದುಕುವ ಜನ ನಾವು, ಬಾಲ್ಕನಿಯಲ್ಲಾದರೂ ನಾಲ್ಕು ಎಲೆ ಹಸಿರಾಗಿ ಕಾಣಲಿ ಎಂಬ ಆಸೆ ಇರಬೇಕು. ಎದುರು ಮನೆಯ ಸುಜಾತಮ್ಮ ಒಂದು ಕುಂಡವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನಮ್ಮ ಗೇಟಿಗೇ ಬಂದರು. ಮೊಣಕಾಲುದ್ದದ ಗಿಡ, ಅದರ ತುಂಬ ನೆಲ್ಲಿಕಾಯಿ ಗಾತ್ರದ ಕೇಸರಿ ಹಣ್ಣು.

"ಸರ್, ನೀವು ಬಾಟನಿ ಮಾಸ್ತರಲ್ರಿ, ಇದರ ಹೆಸರ ಹೇಳ್ರಿ. ಇವ ಚೈನಾ ಕಿತ್ಳಿ ಅಂತಾನ. ನನಗ್ಯಾಕೋ ನಂಬಿಕಿ ಬರವಲ್ದು."

ಅಭ್ಯಾಸಬಲ ನೋಡಿ, ಕೈ ತಾನಾಗಿಯೇ ಮುಂದೆ ಹೋಯಿತು. ಒಂದು ಹಣ್ಣಿನ ಸಿಪ್ಪೆಗೆ ಉಗುರು ಒತ್ತಿ ಮೂಗಿಗೆ ಹಿಡಿದೆ. ಕಿತ್ತಳೆಯ ವಾಸನೆಯೇ, ಆದರೆ ಇನ್ನೂ ತೆಳು, ಸ್ವಲ್ಪ ಕಹಿ ಬೆರೆತ ಸಿಹಿ. ಹೆಸರು ನಾಲಿಗೆಯ ತುದಿಯಲ್ಲಿತ್ತು, ಹೊರಗೆ ಬರಲಿಲ್ಲ. "ಗೊತ್ತಿಲ್ಲಮ್ಮ" ಎಂದುಬಿಟ್ಟೆ. ಸುಜಾತಮ್ಮ ನನ್ನನ್ನು ಜ್ವರ ಬಂದವನನ್ನು ನೋಡುವಂತೆ ನೋಡಿದರು. ಈ ಓಣಿಯಲ್ಲಿ ಹುಲ್ಲಿನ ಹೆಸರನ್ನೂ ಕೇಳದೆಯೇ ಹೇಳುವ ಮನುಷ್ಯ ನಾನು.

ಗೊತ್ತಿಲ್ಲ ಎಂಬ ಆ ಮಾತನ್ನು ಇಪ್ಪತ್ತೆರಡು ವರ್ಷ ಮೊದಲು ಹೇಳಬೇಕಾಗಿತ್ತು. ಆಗ ಹೇಳದೇ ಹೋದದ್ದರಿಂದ ಒಬ್ಬ ಹೆಣ್ಣುಮಗಳ ಕೆಲಸ ಹೋಯಿತು. ಆ ಕಥೆಯನ್ನು ನಿಮಗೆ ಹೇಳಿಬಿಡುತ್ತೇನೆ.

ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಎನ್ನುವುದಕ್ಕಿಂತ ಮಾತಾಡುತ್ತಿದ್ದೆ ಎನ್ನುವುದು ಸರಿ. ಹುಡುಗರನ್ನು ಹಂಪಿಗೆ ಕರೆದುಕೊಂಡು ಹೋದರೆ ಅವರಿಗೆ ಗೋಪುರ ನೋಡಲು ಬಿಡದೆ, ಗೋಪುರದ ಬಿರುಕಿನಲ್ಲಿ ಬೇರು ಬಿಟ್ಟ ಅರಳಿ ಸಸಿಯ ಕುಲಗೋತ್ರ ಹೇಳುತ್ತಾ ಬಿಸಿಲಲ್ಲಿ ನಿಲ್ಲಿಸುತ್ತಿದ್ದೆ. ನನ್ನ ಜೊತೆ ಬಂದವರಿಗೆ ಕಲ್ಲಿನ ರಥಕ್ಕಿಂತ ಮೊದಲು ತಲೆನೋವು ಕಾಣಿಸುತ್ತಿತ್ತು. ಯಾವ ಗಿಡ ತೋರಿಸಿದರೂ ಮರುಕ್ಷಣ ಹೆಸರು ಹೇಳಬೇಕು, ಅದೂ ಲ್ಯಾಟಿನ್ನಿನಲ್ಲಿ. ಇದು ನನ್ನ ಹೆಮ್ಮೆ. ತಡೆದು, ತಿರುಗಿಸಿ, ಮೂಸಿ, ಕೊಯ್ದು ನೋಡಿ ಹೇಳಬೇಕು ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದವನೂ ನಾನೇ.

ಕಾಲೇಜಿನ ಹಿಂದೆ ನಮ್ಮ ವಿಭಾಗದ ಸಣ್ಣ ತೋಟವಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವಳು ಹುಲಿಗೆಮ್ಮ. ಬುಕ್ಕಸಾಗರದವಳು, ನನಗಿಂತ ಏಳೆಂಟು ವರ್ಷ ಚಿಕ್ಕವಳು. ಬೆಳಗಿನ ಬಸ್ಸಿಗೆ ಕಮಲಾಪುರದ ಮೇಲೆ ಬಂದು, ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟಿದ್ದಳು. ದಿನಗೂಲಿಯ ಮೇಲೆ ಒಂಬತ್ತು ವರ್ಷ ದುಡಿದಿದ್ದಳು. ಗಿಡಗಳ ಮುಂದೆ ಚುಚ್ಚಿದ ತಗಡಿನ ಬೋರ್ಡುಗಳ ಅಕ್ಷರ ಬಿಸಿಲಿಗೆ ಮಾಸಿದರೆ, ಪೇಂಟರ್ ಬಿಟ್ಟುಹೋದ ಹಳೇ ಬ್ರಷ್ಷಿನಿಂದ ತಾನೇ ಕೂತು ತಿದ್ದುತ್ತಿದ್ದಳು. ದೀರ್ಘ, ಒತ್ತು ಒಂದೂ ತಪ್ಪುತ್ತಿರಲಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೆ. ದಯವಿಟ್ಟು ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ನಾನು ಮಾಡಿದ್ದು ತಿಳಿಯದೆ ಮಾಡಿದ್ದಲ್ಲ.

ಒಂದು ವರ್ಷ ಸಂಡೂರಿನ ಗಣಿಯ ಅಧಿಕಾರಿಯೊಬ್ಬರು ವರ್ಗವಾಗಿ ಹೋಗುವಾಗ ತಮ್ಮ ಬಂಗಲೆಯ ಐದು ಕುಂಡಗಳನ್ನು ಕಾಲೇಜಿಗೆ ಕೊಟ್ಟುಹೋದರು. ನಾಲ್ಕು ಕ್ರೋಟನ್, ಒಂದು ನಿಂಬೆಯ ಜಾತಿಯ ಗಿಡ. ಅದರಲ್ಲಿ ಗೋಲಿಯಂಥ ಹಸಿರು ಕಾಯಿಗಳಿದ್ದವು. ನಾನು ಮೂರು ಮಾರು ದೂರದಿಂದಲೇ "ಕ್ಯಾಲಮಾಂಡಿನ್" ಎಂದೆ. ಹುಡುಗರು ಬರೆದುಕೊಂಡರು. ಪೇಂಟರನ್ನು ಕರೆಸಿ ಕನ್ನಡದಲ್ಲೂ ಲ್ಯಾಟಿನ್ನಿನಲ್ಲೂ ಬೋರ್ಡು ಬರೆಸಿ ಕುಂಡಕ್ಕೆ ಚುಚ್ಚಿಸಿದೆ.

ಸಂಡೂರಿನ ಗುಡ್ಡದ ತಂಪಿನಲ್ಲಿ ಬೆಳೆದ ಗಿಡಕ್ಕೆ ನಮ್ಮೂರ ಬಿಸಿಲು ಸಹಿಸಲಾಗಲಿಲ್ಲ, ಎಲೆ ಸುರುಟಿತು. ಹುಲಿಗೆಮ್ಮ ಅದನ್ನು ಮೂಡಣ ಗೋಡೆಯ ನೆರಳಿಗೆ ಸರಿಸಿದಳು. ನಾಲ್ಕು ಕೋಲು ನಿಲ್ಲಿಸಿ ಗೋಣಿತಟ್ಟು ಹೊದಿಸಿ, ದಿನಕ್ಕೆ ಮೂರು ಸಲ ತಟ್ಟಿಗೆ ನೀರು ಚಿಮುಕಿಸಿದಳು. ಕಾಯಿ ಹಣ್ಣಾಯಿತು. ಒಂದು ದಿನ ನಾನು ಪ್ರಾಕ್ಟಿಕಲ್ ಮುಗಿಸಿ ಹುಡುಗರ ಜೊತೆ ಬರುತ್ತಿದ್ದಾಗ ಅವಳು ಸೆರಗಿನಲ್ಲಿ ಎರಡು ಹಣ್ಣು ಹಿಡಿದು ಎದುರಾದಳು.

"ಸರ, ಈ ಹಣ್ಣು ಭಾಳ ಚಂದ ಐತ್ರಿ. ಸಿಪ್ಪಿ ಸುಲ್ಯಾಕ ಬರೂದಿಲ್ರಿ. ಸಿಪ್ಪಿ ಸೈತ ತಿನ್ನಬೇಕು. ಸಿಪ್ಪಿನ ಸಿಹಿ, ಒಳಗ ಹುಳಿ. ಅವತ್ತು ನೀವು ಪಾಠ ಮಾಡುವಾಗ ಸಿಪ್ಪಿ ತೆಳ್ಳಗ ಸುಲಿದು ಬರ್ತೈತಿ ಅಂದ್ರಲ್ರಿ, ಬೋರ್ಡಿನಾಗ ಬರದದ್ದು ಇದ ಗಿಡ ಹೌದೇನ್ರಿ?"

ಎಷ್ಟು ಒಳ್ಳೆಯ ಪ್ರಶ್ನೆ ಅದು! ಇಪ್ಪತ್ತೈದು ವರ್ಷದ ನೌಕರಿಯಲ್ಲಿ ಅಂಥ ಪ್ರಶ್ನೆ ಕೇಳಿದ ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು. ನಾನು ಏನೆಂದೆ ಗೊತ್ತೇ? "ನಾಕನೇ ಕ್ಲಾಸಿನಾಕಿ ನನಗ ಬಾಟನಿ ಕಲಿಸ್ತೀಯೇನು? ಹೋಗು, ನೀರು ಬಿಡು." ಹುಡುಗರು ನಕ್ಕರು. ಅವಳೂ ನಕ್ಕಂತೆ ಮಾಡಿ ಪೈಪು ಹಿಡಿದುಕೊಂಡು ಹೋದಳು.

ಇಲ್ಲಿ ಸ್ವಲ್ಪ ಪಾಠ ಮಾಡುತ್ತೇನೆ, ಕ್ಷಮಿಸಿ. ಇದಿಲ್ಲದಿದ್ದರೆ ನನ್ನ ತಪ್ಪಿನ ಅಳತೆ ನಿಮಗೆ ಸಿಕ್ಕುವುದಿಲ್ಲ. ಕುಮ್‌ಕ್ವಾಟ್ ಎಂಬುದು ಚೀನಾ ಕಡೆಯ ಪುಟ್ಟ ಹಣ್ಣು. ಅದರ ಹೆಸರಿಗೆ ಅವರ ಭಾಷೆಯಲ್ಲಿ ಹೊನ್ನಿನ ಕಿತ್ತಳೆ ಎಂದು ಅರ್ಥವಂತೆ. ಕ್ಯಾಲಮಾಂಡಿನ್ ಈ ಕುಮ್‌ಕ್ವಾಟಿಗೂ ಕಿತ್ತಳೆಯ ಬಳಗದ ಇನ್ನೊಂದಕ್ಕೂ ಹುಟ್ಟಿದ ಬೆರಕೆ. ಹೊರಗಿನಿಂದ ನೋಡಿದರೆ ಎರಡೂ ಅಕ್ಕತಂಗಿಯರಂತೆ. ಕೊಯ್ದು ನೋಡಿದರೆ ತಿಳಿಯುತ್ತದೆ. ಕ್ಯಾಲಮಾಂಡಿನ್ ಹಣ್ಣಿನ ಸಿಪ್ಪೆ ಕಿತ್ತಳೆಯ ಹಾಗೆ ಬಿಡಿಸಿಕೊಂಡು ಬರುತ್ತದೆ, ಒಳಗೆ ಏಳೆಂಟು ತೊಳೆ. ಕುಮ್‌ಕ್ವಾಟಿನ ಸಿಪ್ಪೆ ತಿರುಳಿಗೆ ಅಂಟಿಕೊಂಡಿರುತ್ತದೆ, ಸಿಹಿಯೆಲ್ಲ ಸಿಪ್ಪೆಯಲ್ಲೇ. ತೊಳೆ ನಾಲ್ಕೋ ಐದೋ. ತೊಳೆಗಳು ಕಡಿಮೆ ಎಂಬ ಈ ಗುಣವನ್ನೇ ಮುಖ್ಯವಾಗಿ ಹಿಡಿದು ಹಿಂದಿನ ಪಂಡಿತರೊಬ್ಬರು ಕುಮ್‌ಕ್ವಾಟುಗಳನ್ನು ನಿಂಬೆ ಕಿತ್ತಳೆಗಳ ಸಿಟ್ರಸ್ ಕುಲದಿಂದ ಹೊರಗೆ ತೆಗೆದು, ಫಾರ್ಚುನೆಲ್ಲಾ ಎಂಬ ಬೇರೆ ಕುಲವನ್ನೇ ಕಟ್ಟಿದ್ದರು. ಒಂದು ಕುಲವನ್ನೇ ಬೇರೆ ಮಾಡಿದ ಆ ಗುರುತನ್ನು ನಾನು ಓದಿದ್ದೆ. ಹುಲಿಗೆಮ್ಮ ತಿಂದು ಕಂಡುಕೊಂಡಿದ್ದಳು.

ಕಾಲೇಜಿಗೆ ದರ್ಜೆ ಕೊಡಲು ಹೊರಗಿನಿಂದ ತಪಾಸಣೆ ತಂಡ ಬಂದದ್ದು ಅದೇ ತಿಂಗಳು. ಗೋಡೆಗೆಲ್ಲ ಸುಣ್ಣ, ನಮಗೆಲ್ಲ ಟೈ. ತಂಡದಲ್ಲಿ ಸಸ್ಯಶಾಸ್ತ್ರದ ಹಿರಿಯ ಪ್ರಾಧ್ಯಾಪಕರೊಬ್ಬರಿದ್ದರು. ಮೃದು ಮಾತಿನ ಮನುಷ್ಯ. ಪ್ರಿನ್ಸಿಪಾಲರು, ನಾನು, ಹಿಂದೆ ಹನ್ನೆರಡು ಮಂದಿ ಅಂತಿಮ ವರ್ಷದ ವಿದ್ಯಾರ್ಥಿಗಳು ಅವರ ಜೊತೆ ತೋಟಕ್ಕೆ ಹೋದೆವು. ಅವರು ಆ ಕುಂಡದ ಮುಂದೆ ನಿಂತರು. ಬೋರ್ಡು ಓದಿದರು. ಎಲೆಯ ತೊಟ್ಟು ಮುಟ್ಟಿ ನೋಡಿದರು. ಆಮೇಲೆ ಪಕ್ಕದಲ್ಲಿ ಕುಡುಗೋಲು ಹಿಡಿದು ನಿಂತಿದ್ದ ಹುಲಿಗೆಮ್ಮನ ಕಡೆ ತಿರುಗಿ, "ಏನಮ್ಮಾ, ಈ ಹಣ್ಣು ತಿಂದಿದ್ದೀರಾ?" ಎಂದರು.

ಅಷ್ಟು ಜನ ದೊಡ್ಡವರ ನಡುವೆ ತನ್ನನ್ನು ಬಹುವಚನದಲ್ಲಿ ಕೇಳಿದ್ದಕ್ಕೆ ಅವಳ ಮುಖ ಅರಳಿತು. "ತಿಂದೀನ್ರಿ" ಎಂದಳು. ಒಂದು ಹಣ್ಣು ಕಿತ್ತು ಕುಡುಗೋಲಿನ ಮೊನೆಯಿಂದ ಅಡ್ಡಲಾಗಿ ಕೊಯ್ದು ಅಂಗೈಯಲ್ಲಿ ಹಿಡಿದಳು. "ನೋಡ್ರಿ, ತೊಳಿ ನಾಕ ಅದಾವ. ಐದು ಬಂದ್ರ ಭಾಳಾತು. ಬೀಜ ಸೀಳಿದ್ರ ಒಳಗ ಹಸರು. ನಿಂಬಿ ಬೀಜದಾಗ ಈ ಹಸರು ನಾ ನೋಡಿಲ್ರಿ."

"ಭೇಷ್!" ಎಂದರು ಅವರು. "ಇದು ಕುಮ್‌ಕ್ವಾಟ್. ದುಂಡು ಜಾತಿಯದು. ಈಕೆ ಹೇಳಿದ್ದೆಲ್ಲ ಸರಿಯಾಗಿದೆ. ಹಾಗಾದರೆ ಬೋರ್ಡು ಯಾಕೆ ಹೀಗಿದೆ?"

ಎಲ್ಲರೂ ನನ್ನ ಕಡೆ ನೋಡಿದರು. ನಾನು ತಪ್ಪು ಗುರುತಿಸಿದೆ ಎಂದಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಆ ಮನುಷ್ಯ ನಕ್ಕು, ಎಲ್ಲರಿಗೂ ಆಗುತ್ತದೆ ಬಿಡಿ ಎನ್ನುತ್ತಿದ್ದರು. ಆದರೆ ಹನ್ನೆರಡು ಜೋಡಿ ಕಣ್ಣುಗಳ ಮುಂದೆ ನನ್ನ ನಾಲಿಗೆ ಒಂದು ಕುಂಡವನ್ನೇ ಹುಟ್ಟಿಸಿತು.

"ಸರ್, ಅದು ಬೇರೆ ಕುಂಡದ ಬೋರ್ಡು. ಆ ಗಿಡ ಒಣಗಿಹೋಯಿತು. ಇವಳಿಗೆ ಓದಲು ಬರುವುದಿಲ್ಲ, ತಂದು ಇದಕ್ಕೆ ಚುಚ್ಚಿದ್ದಾಳೆ."

ಹುಲಿಗೆಮ್ಮ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ನಾನು ಬೇರೆ ಯಾರ ವಿಷಯವನ್ನೋ ಹೇಳುತ್ತಿದ್ದೇನೇನೋ ಎಂದು ಅಕ್ಕಪಕ್ಕ ನೋಡುವವರ ಹಾಗೆ. ಆಮೇಲೆ ಬಗ್ಗಿ ಬೋರ್ಡು ಕಿತ್ತು, ಅದರ ಮಣ್ಣನ್ನು ಸೆರಗಿನಿಂದ ಒರೆಸಿ, "ಎಲ್ಲಿ ಇಡಲಿ ಸರ ಇದನ್ನ?" ಎಂದಳು. "ಸ್ಟೋರ್ ರೂಮಿನಾಗ ಇಡು" ಎಂದೆ. ನನ್ನ ದನಿ ನಡುಗಲೂ ಇಲ್ಲ.

ಮುಂದಿನ ವಾರ ತೋಟದಲ್ಲಿ ಅವಳು ಕಾಣಲಿಲ್ಲ. ಆಫೀಸಿನಲ್ಲಿ ಕೇಳಿದೆ. "ಬೋರ್ಡು ಓದಾಕ ಬರದಾಕಿ ಬಾಟನಿ ಗಾರ್ಡನ್ನಿಗ್ಯಾಕ ಬೇಕು, ಬ್ಯಾರೆಯವ್ರನ್ನ ಹಾಕ್ರಿ ಅಂತ ಪ್ರಿನ್ಸಿಪಾಲ್ ಸಾಹೇಬ್ರು ಅಂದ್ರು ಸರ್" ಎಂದ ಗುಮಾಸ್ತ. ನಾನು ನೇರವಾಗಿ ಪ್ರಿನ್ಸಿಪಾಲರ ಕೋಣೆಗೆ ಹೋದೆ. ನಿಜ ಹೇಳಬೇಕೆಂದೇ ಹೋದೆ, ನಂಬಿ. ಅವರು ಎದ್ದು ಬಂದು ಕೈ ಕುಲುಕಿದರು. ತಂಡದವರು ತೋಟವನ್ನು ಭಾಳ ಹೊಗಳಿದರೆಂದರು. ಚಹಾ ತರಿಸಿದರು. ಬಿಸ್ಕೀಟೂ ಇತ್ತು. ನಾನು ಚಹಾ ಕುಡಿದು, ಎರಡು ಬಿಸ್ಕೀಟು ತಿಂದು, ಎದ್ದು ಬಂದೆ.

ಇಷ್ಟಕ್ಕೇ ನಿಂತಿದ್ದರೆ ಹೇಡಿತನ ಎಂದು ಒಂದು ಹೆಸರು ಕೊಟ್ಟು ಮುಗಿಸಬಹುದಿತ್ತು. ಆ ವರ್ಷದ ಕಾಲೇಜು ಸಂಚಿಕೆಗೆ ನಾನು ಕುಮ್‌ಕ್ವಾಟಿನ ಮೇಲೆ ಲೇಖನ ಬರೆದೆ. 'ಹಣ್ಣನ್ನು ಅಡ್ಡಲಾಗಿ ಕೊಯ್ದು ಪರೀಕ್ಷಿಸಿದಾಗ ನಾಲ್ಕು ತೊಳೆಗಳೂ ಬೀಜದೊಳಗೆ ಹಸಿರೂ ಕಂಡುಬಂದವು' ಎಂದು ಅದರಲ್ಲಿ ಒಂದು ವಾಕ್ಯ. ಯಾರು ಕೊಯ್ದದ್ದು, ಯಾರಿಗೆ ಕಂಡದ್ದು ಎಂಬುದನ್ನು ಆ ವಾಕ್ಯ ಹೇಳುವುದಿಲ್ಲ. ಶಾಸ್ತ್ರದ ಭಾಷೆಗೆ ಇಂಥ ಅನುಕೂಲವಿದೆ.

ಗಿಡ ಆ ಬೇಸಿಗೆಯಲ್ಲೇ ಸತ್ತಿತು. ಹೊಸ ಮಾಲಿ ದಿನಕ್ಕೊಮ್ಮೆ ನೀರು ಹಾಕುತ್ತಿದ್ದ, ಅವನ ತಪ್ಪೇನಿಲ್ಲ. ಗೋಣಿತಟ್ಟಿಗೂ ನೀರು ಬೇಕೆಂದು ಅವನಿಗೆ ಹೇಳುವವರು ಇರಲಿಲ್ಲ. ಮರುವರ್ಷ ಕಾಲೇಜಿನ ಹಳೆಯ ದಿನಗೂಲಿಯವರನ್ನೆಲ್ಲ ಕಾಯಂ ಮಾಡಿದರು.

ಆಮೇಲೆ ನನ್ನ ಕಣ್ಣ ಮುಂದೆಯೇ ಪುಸ್ತಕಗಳು ಬದಲಾದವು. ಗಿಡಗಳ ವಂಶವಾಹಿಯನ್ನೇ ಓದಲು ಕಲಿತವರು, ಕುಮ್‌ಕ್ವಾಟನ್ನು ಹೊರಗಿಟ್ಟದ್ದು ಸರಿಯಲ್ಲ, ಅದು ಸಿಟ್ರಸ್ಸೇ ಎಂದರು. ಫಾರ್ಚುನೆಲ್ಲಾ ಜಪೋನಿಕಾ ಮತ್ತೆ ಸಿಟ್ರಸ್ ಜಪೋನಿಕಾ ಆಯಿತು. ದುಂಡು ಜಾತಿಯೂ ಉದ್ದ ಜಾತಿಯೂ ಒಂದೇ ಪ್ರಭೇದವೋ ಬೇರೆಬೇರೆಯೋ ಎಂಬ ಜಗಳ ಇನ್ನೂ ಇದೆ. ಚೀನಾದ ಹಣ್ಣಿಗೆ ಜಪಾನಿನ ಹೆಸರು ಅಂಟಿಕೊಂಡದ್ದಂತೂ ಹಾಗೇ ಉಳಿದಿದೆ. ಇದನ್ನೆಲ್ಲ ನಾನು ತರಗತಿಯಲ್ಲಿ ಖುಷಿಯಿಂದ ಹೇಳುತ್ತಿದ್ದೆ. ವಿಜ್ಞಾನ ತನ್ನ ತಪ್ಪನ್ನು ಒಪ್ಪಿಕೊಳ್ಳಲು ನಾಚುವುದಿಲ್ಲ ಮಕ್ಕಳೇ ಎನ್ನುತ್ತಿದ್ದೆ. ಹೇಳುವಾಗ ಕಿಟಕಿಯಾಚೆಯ ತೋಟದ ಕಡೆಗೆ ಮಾತ್ರ ನೋಡುತ್ತಿರಲಿಲ್ಲ.

ಸುಜಾತಮ್ಮ ಕುಂಡ ಕೊಂಡು ಒಳಗೆ ಹೋದ ಆ ಭಾನುವಾರ, ತಿಂಡಿ ಮುಗಿಸಿ ನಾನು ಕಂಪ್ಲಿ ಬಸ್ಸು ಹತ್ತಿದೆ. ಬುಕ್ಕಸಾಗರದಲ್ಲಿ ಇಳಿದು ಚಹಾದಂಗಡಿಯಲ್ಲಿ ಹುಲಿಗೆಮ್ಮನ ಮನೆ ಕೇಳಿದೆ. "ಯಾವ ಹುಲಿಗೆಮ್ಮ ಅಂತ ಹೇಳ್ರಿ, ಈ ಕಡೆ ಮನಿಗೊಬ್ಬಾಕಿ ಹುಲಿಗೆಮ್ಮ ಅದಾಳ" ಎಂದ ಅಂಗಡಿಯವ. ಹಿಂದೆ ಕಾಲೇಜಿನಲ್ಲಿ ಗಿಡ ನೋಡಿಕೊಳ್ಳುತ್ತಿದ್ದವರು ಎಂದೆ.

"ಓ, ಬೋರ್ಡ್ ಹುಲಿಗೆಮ್ಮ! ಹಂಗನ್ರಿ ಮತ್ತ. ಟ್ಯಾಂಕಿನ ಹಿಂದ ಎರಡನೇ ಮನಿ."

ಆ ಅಡ್ಡಹೆಸರು ಹೇಗೆ ಬಂತೆಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಟ್ಯಾಂಕಿನ ತನಕ ನಡೆಯುವಾಗ ಎರಡು ಸಲ ತಿರುಗಿ ಬಸ್‌ ನಿಲ್ದಾಣದ ಕಡೆ ನೋಡಿದ್ದು ನಿಜ.

ಹುಲಿಗೆಮ್ಮ ನಾಟಿಯ ಗದ್ದೆಯಿಂದ ಬಂದು ನಲ್ಲಿಯ ಹತ್ತಿರ ಕಾಲಿನ ಕೆಸರು ತೊಳೆಯುತ್ತಿದ್ದಳು. ತಲೆ ಬೆಳ್ಳಗಾಗಿತ್ತು. ನನ್ನನ್ನು ಕೂಡಲೇ ಗುರುತಿಸಿದಳು. "ಅಯ್ಯ, ಸರ! ಬರ್ರಿ, ಬರ್ರಿ. ರೇಣುಕಾ, ಕುರ್ಚಿ ತಾರವ್ವ" ಎಂದಳು. ರೇಣುಕಾ ಅವಳ ಮಗಳು, ಕಂಪ್ಲಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಕುರ್ಚಿ ತಂದಿಟ್ಟಳು, ನಮಸ್ಕಾರ ಎನ್ನಲಿಲ್ಲ.

"ಹುಲಿಗೆಮ್ಮಾ, ನೀವು..." ಎಂದು ಶುರು ಮಾಡಿದೆ.

"ಈಗ್ಯಾಕ್ರಿ ಸರ ನೀವು ತಾವು ಎಲ್ಲ? ಕುಂದ್ರಿ."

ಕೂರಲಾಗಲಿಲ್ಲ. ನಿಂತುಕೊಂಡೇ ಹೇಳಿದೆ. "ಅವತ್ತು ಆ ತಂಡದವರ ಮುಂದೆ ನಾನು ಸುಳ್ಳು ಹೇಳಿದೆ."

"ಗೊತ್ರಿ ಸರ" ಎಂದಳು ಆಕೆ, ಕಾಲು ಒರೆಸಿಕೊಳ್ಳುತ್ತಾ. "ನಾ ಅಲ್ಲೇ ನಿಂತಿದ್ನಲ್ರಿ."

ಬಾಗಿಲಲ್ಲಿ ನಿಂತಿದ್ದ ರೇಣುಕಾ ಮಾತಾಡಿದಳು. "ಇಷ್ಟು ವರ್ಷ ಆದಮ್ಯಾಲೆ ಯಾಕ್ ಬಂದ್ರಿ ಸರ್? ನಿಮ್ಮ ಮನಸು ಹಗುರ ಮಾಡ್ಕೊಳ್ಳಾಕ? ನಮ್ಮವ್ವ ಮರುವರ್ಷ ಪರ್ಮನೆಂಟ್ ಆಗಬೇಕಾದಾಕಿ. ಇವತ್ತಿಗೂ ಮಂದಿ ಗದ್ದ್ಯಾಗ ಬಗ್ಗತಾಳ."

"ಹೌದಮ್ಮ, ಅದಕ್ಕೂ ಇರಬೇಕು" ಎಂದೆ.

"ಸುಮ್ಮನಿರವ್ವ" ಎಂದಳು ಹುಲಿಗೆಮ್ಮ ಮಗಳಿಗೆ. ಆಮೇಲೆ ನನಗೆ: "ಸರ, ಕೆಲಸ ಹೋತು. ಹೋಗ್ಲಿ, ಕೈ ಕಾಲು ಗಟ್ಟಿ ಇದ್ವು, ದುಡದೆ. ಆದ್ರ ಓದಾಕ ಬರೂದಿಲ್ಲ ಅಂದ್ರಲ್ರಿ, ಅದು ನನಗ ಇನ್ನೂ ಹೋಗಿಲ್ರಿ. ನಮ್ಮಪ್ಪ ನನ್ನ ಸಾಲಿ ಬಿಡಿಸಿದಾಗ, ಕಲ್ತ ನಾಕು ಅಕ್ಷರ ಬಿಡಬಾರದು ಅಂತ ಬಸ್ಸಿನ ಬೋರ್ಡು, ಅಂಗಡಿ ಬೋರ್ಡು ಎಲ್ಲ ಓದಿ ಓದಿ ಉಳಿಸ್ಕೊಂಡಿದ್ದೆ. ನೀವು ಒಂದ ಮಾತಿಗೆ ಅಳಿಸಿಬಿಟ್ರಿ."

ನಾನು ತಲೆ ತಗ್ಗಿಸಿದೆ. ಏನು ಮಾಡಲಿ ಹೇಳು ಎಂದು ಕೇಳಿದೆನೆಂದು ಕಾಣುತ್ತದೆ.

"ನನ್ನ ಮುಂದ ಹೇಳಿದ್ರ ಏನ್ ಬಂತ್ರಿ? ನನಗ ಗೊತ್ತಿದ್ದದ್ದ ಐತಿ. ಅವತ್ತು ಯಾರ ಮುಂದ ಅಂದ್ರೋ ಅವ್ರ ಮುಂದ ಹೇಳ್ರಿ."

ಪ್ರಿನ್ಸಿಪಾಲರು ತೀರಿಹೋಗಿದ್ದಾರೆ. ಆ ಪ್ರಾಧ್ಯಾಪಕರು ಎಲ್ಲಿದ್ದಾರೋ ತಿಳಿಯದು. ಆದರೆ ಆ ಹನ್ನೆರಡು ಮಂದಿಯಲ್ಲಿ ಒಬ್ಬಳಾದ ಶಾಹೀನಾ ಈಗ ಅದೇ ವಿಭಾಗದ ಮುಖ್ಯಸ್ಥೆ. ನನ್ನ ಪ್ರೀತಿಯ ಶಿಷ್ಯೆ. ಎಲ್ಲಿ ಸಿಕ್ಕರೂ ಹತ್ತು ಜನರಿಗೆ "ಇವ್ರು ನಮ್ಮ ಸರ್" ಎಂದು ಪರಿಚಯ ಮಾಡುವವಳು. ಸೋಮವಾರವೇ ಹೋಗಿ ಅವಳ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಇಲ್ಲದ ಕುಂಡ, ಬೋರ್ಡು, ಚಹಾ, ಲೇಖನ. ಅವಳು ಗಾಬರಿಯಾಗುತ್ತಾಳೆ, ನಂಬುವುದಿಲ್ಲ, ಬಿಡಿ ಸರ್ ಎನ್ನುತ್ತಾಳೆ ಎಂದುಕೊಂಡಿದ್ದೆ.

ಶಾಹೀನಾ ಮೇಜಿನ ಮೇಲಿನ ಪೆನ್ನನ್ನು ಅತ್ತಿತ್ತ ಸರಿಸುತ್ತಾ ಕೂತಳು. "ಸರ್, ನಮಗ ಅವತ್ತೇ ಗೊತ್ತಿತ್ತು."

"ಏನು ಗೊತ್ತಿತ್ತು?"

"ನೀವು ಸುಳ್ಳು ಹೇಳಿದ್ರಿ ಅಂತ. ನಾನು ಉರ್ದು ಶಾಲಿಯಿಂದ ಬಂದಾಕಿ, ಕನ್ನಡ ಓದಾಕ ತಡವರಿಸ್ತಿದ್ದೆ. ಪ್ರಾಕ್ಟಿಕಲ್ ಮುಂಚೆ ಹುಲಿಗೆಮ್ಮಕ್ಕ ನನ್ನ ಕೈ ಹಿಡಿದು ಒಂದೊಂದ ಬೋರ್ಡ್ ಓದಿಸ್ತಿದ್ಲು ಸರ್. ಒತ್ತಕ್ಷರ ನನಗ ಕಲಿಸಿದಾಕಿನ ಆಕಿ. ನಾವೆಲ್ಲರೂ ಆಕಿ ಹಿಂದ ತಿರುಗಿ ಗಿಡ ಗುರುತು ಹಿಡಿಯೂದು ಕಲ್ತವ್ರು."

"ಮತ್ತೆ ಯಾಕಮ್ಮ ಯಾರೂ ಬಾಯಿ ಬಿಡಲಿಲ್ಲ?"

"ಇಂಟರ್ನಲ್ ಮಾರ್ಕ್ಸ್ ನಿಮ್ಮ ಕೈಯಾಗ ಇತ್ತಲ್ಲ ಸರ್." ಅವಳ ಕಣ್ಣು ತುಂಬಿತ್ತು. "ನಮಗೂ ನಾಚಿಕಿ ಐತಿ. ಆಮ್ಯಾಲೆ ನಾವು ಒಬ್ಬರಿಗೊಬ್ಬರು ಸೈತ ಈ ಮಾತು ಆಡ್ಲಿಲ್ಲ."

ನೀವೇ ಯೋಚಿಸಿ. ಇಷ್ಟು ವರ್ಷ ನನ್ನ ಕಾಲು ಮುಟ್ಟಿದವರು, ಶಾಲು ಹೊದಿಸಿದವರು, ಮದುವೆಗೆ ಮೊದಲ ಸಾಲಿನಲ್ಲಿ ಕೂರಿಸಿದವರು, ಎಲ್ಲರಿಗೂ ಗೊತ್ತಿತ್ತು. ಯಾರಿಗೂ ತಿಳಿದಿಲ್ಲವೆಂದು ನಂಬಿಕೊಂಡಿದ್ದವನು ನಾನೊಬ್ಬನೇ. ನಾನು ಬಚ್ಚಿಟ್ಟದ್ದನ್ನು ಅವರು ನನ್ನ ಪರವಾಗಿ ಹೊತ್ತುಕೊಂಡಿದ್ದರು. ಗುರುವಿನಿಂದ ಅವರು ಕಲಿತ ಪಾಠಗಳಲ್ಲಿ ಅದೂ ಒಂದು.

ಪಕ್ಕದ ಕೋಣೆಯಲ್ಲಿ ಅಂತಿಮ ವರ್ಷದವರ ತರಗತಿ ಇತ್ತು. "ನನಗೆ ಹತ್ತು ನಿಮಿಷ ಕೊಡ್ತೀಯೇನಮ್ಮ?" ಎಂದೆ. ಶಾಹೀನಾ ಎದ್ದು ನನ್ನ ಜೊತೆಯೇ ಬಂದಳು. ನಾನು ಕಪ್ಪುಹಲಗೆಯ ಮುಂದೆ ನಿಂತು, ಕುಮ್‌ಕ್ವಾಟಿಗೆ ಎಷ್ಟು ತೊಳೆ ಎಂಬಲ್ಲಿಂದ ಶುರು ಮಾಡಿ, ಅದನ್ನು ಈ ಕಾಲೇಜಿನಲ್ಲಿ ಮೊದಲು ಗುರುತಿಸಿದವರು ಯಾರು, ಅವರ ಬಗ್ಗೆ ನಾನು ಏನು ಹೇಳಿದೆ, ಅವರಿಗೆ ಓದಲು ಎಷ್ಟು ಚೆನ್ನಾಗಿ ಬರುತ್ತಿತ್ತು, ಎಲ್ಲವನ್ನೂ ಹೇಳಿದೆ. ಹೆಸರು ಹೇಳಿದೆ. ಊರು ಹೇಳಿದೆ. ಶಾಹೀನಾ ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದಳು.

ಮುಗಿದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಳ್ಳೆಯದಾಯಿತು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು.

"ಸರ್, ಆಮ್ಯಾಲೆ ಅವ್ರಿಗೆ ಕೆಲಸ ವಾಪಸ್ ಕೊಟ್ರಾ?"

"ಇಲ್ಲಮ್ಮ."

"ಯಾಕ್ ಸರ್?"

"ನಾನು ಕೇಳಲಿಲ್ಲ" ಎಂದೆ.